ಪೋರ್ಚುಗಲ್‌ನ ‘ಫ್ರೆಗೆಜಿಯಾ’ ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೇನಾ? ಅಷ್ಟು ಚಿಕ್ಕ ದೇಶಕ್ಕೆ ಮೂರು ಸಾವಿರಕ್ಕೂ ಜಾಸ್ತಿ ಯಾಕೆ ಬೇಕು?

ಪಂಚಾಯಿತಿ ಇದ್ದ ಹಾಗೇನಾ ಅಂದರೆ, ಬಹುಮಟ್ಟಿಗೆ ಹೌದು. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಹಳ್ಳಿಗೆ ಮಾತ್ರ. ಊರು ಬೆಳೆದು ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಆಯಿತು ಅಂದರೆ ಗ್ರಾಮ ಪಂಚಾಯಿತಿ ಇರುವುದಿಲ್ಲ. ಪೋರ್ಚುಗಲ್‌ನಲ್ಲಿ ಹಾಗಲ್ಲ. ನೀವು ರಾಜಧಾನಿ ಲಿಸ್ಬನ್‌ನ ನಡುಮಧ್ಯೆ ಇದ್ದರೂ ಯಾವುದೋ ಒಂದು ಫ್ರೆಗೆಜಿಯಾಗೆ ಸೇರಿರುತ್ತೀರಿ. ಅಲ್ಲಿ ಚುನಾಯಿತ ಸಭೆ ಇರುತ್ತದೆ, ಅಧ್ಯಕ್ಷರಿರುತ್ತಾರೆ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಚೇರಿ ಇರುತ್ತದೆ. ಲಿಸ್ಬನ್ ನಗರ ಒಂದರಲ್ಲೇ ಈಗ ಇಂಥವು 24 ಇವೆ.

ಇಡೀ ದೇಶ 308 ಮುನಿಸಿಪಾಲಿಟಿಗಳಾಗಿ ಹಂಚಿಕೊಂಡಿದೆ. ಪ್ರತಿ ಮುನಿಸಿಪಾಲಿಟಿಯ ಒಳಗೆ ಫ್ರೆಗೆಜಿಯಾಗಳು. ಇದಕ್ಕೆ ಹೊರತಾಗಿರುವುದು ಒಂದೇ ಜಾಗ, ಅಟ್ಲಾಂಟಿಕ್ ನಡುವಿನ ಅಸೋರೆಸ್ ದ್ವೀಪಗಳಲ್ಲಿ ಒಂದಾದ ಕೊರ್ವು. ಅಲ್ಲಿ ಇರುವುದೇ ನಾನೂರಕ್ಕಿಂತ ಕಡಿಮೆ ಜನ, ಹಾಗಾಗಿ ಮುನಿಸಿಪಾಲಿಟಿಯೇ ಎಲ್ಲ ನೋಡಿಕೊಳ್ಳುತ್ತದೆ. ಉಳಿದ ಕಡೆ ಗಾತ್ರದಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಲಿಸ್ಬನ್ ಪಕ್ಕದ ಸಿಂತ್ರಾದಲ್ಲಿರುವ ಅಲ್ಗೆಯ್ರಾಂವ್–ಮೆಂ ಮಾರ್ಟಿನ್ಸ್ ಫ್ರೆಗೆಜಿಯಾದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಒಳನಾಡಿನ ಬೆಟ್ಟದ ಊರುಗಳಲ್ಲಿ ನೂರಿನ್ನೂರು ಜನರ ಫ್ರೆಗೆಜಿಯಾಗಳೂ ಇವೆ.

ಇಷ್ಟೊಂದು ಯಾಕೆ ಅನ್ನುವುದಕ್ಕೆ ಉತ್ತರ ಚರ್ಚಿನಲ್ಲಿದೆ. ಇವು ಮೊದಲು ಚರ್ಚಿನ ಧರ್ಮಕೇಂದ್ರಗಳಾಗಿದ್ದವು, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಹುಟ್ಟು, ಮದುವೆ, ಸಾವು ಎಲ್ಲ ಪಾದ್ರಿಯ ಪುಸ್ತಕದಲ್ಲೇ ದಾಖಲಾಗುತ್ತಿತ್ತು. 1830ರ ದಶಕದಲ್ಲಿ ಲಿಬರಲ್ ಸರ್ಕಾರ ಆಡಳಿತವನ್ನು ಹೊಸದಾಗಿ ಕಟ್ಟುವಾಗ ಅದೇ ಗಡಿಗಳನ್ನು ಎತ್ತಿಕೊಂಡಿತು. 1910ರಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂತು. ಮರುವರ್ಷ ಚರ್ಚು ಬೇರೆ, ಸರ್ಕಾರ ಬೇರೆ ಆಯಿತು. 1916ರ ಕಾನೂನು ಈ ಘಟಕಗಳಿಗೆ ಈಗಿನ ಹೆಸರು ಕೊಟ್ಟಿತು. ಈಗ ಇದಕ್ಕೂ ಧರ್ಮಕ್ಕೂ ಸಂಬಂಧ ಇಲ್ಲ. ಆದರೂ ಎಷ್ಟೋ ಫ್ರೆಗೆಜಿಯಾಗಳು ಸಂತರ ಹೆಸರನ್ನೇ ಇಟ್ಟುಕೊಂಡಿವೆ.

ಆಮೇಲೆ ಬಂದ ಸರ್ವಾಧಿಕಾರದ ಕಾಲದಲ್ಲಿ ಜುಂತಾ, ಅಂದರೆ ಇಲ್ಲಿನ ಕಾರ್ಯಕಾರಿ ಮಂಡಳಿ, ಹೆಸರಿಗೆ ಮಾತ್ರ ಇತ್ತು. ಮನೆಯ ಯಜಮಾನರಿಗೆ ಮಾತ್ರ ಅದನ್ನು ಆರಿಸುವ ಹಕ್ಕು. ಮೇಲಿನವರು ನೇಮಿಸಿದ ‘ರೆಜೆದೋರ್’ ಊರಿನಲ್ಲಿ ಸರ್ಕಾರದ ಕಣ್ಣಾಗಿದ್ದ. ಈ ರೆಜೆದೋರ್ ಗೋವಾದಲ್ಲೂ ಇದ್ದ. 1961ರಲ್ಲಿ ಗೋವಾ ಬಿಡುಗಡೆಯಾಗಿ, 1962ರಲ್ಲಿ ಅಲ್ಲಿಗೆ ಪಂಚಾಯಿತಿ ಕಾನೂನು ಬಂತು. ಪೋರ್ಚುಗಲ್‌ನ ಜನ 1974ರ ಕ್ರಾಂತಿಯವರೆಗೆ ಕಾಯಬೇಕಾಯಿತು. ಅಲ್ಲಿ ಎಲ್ಲರೂ ಮತ ಹಾಕಿದ ಮೊದಲ ಸ್ಥಳೀಯ ಚುನಾವಣೆ ನಡೆದದ್ದು 1976ರ ಡಿಸೆಂಬರ್ 12ರಂದು.

ಈಗ ಕೆಲಸ ಏನು ಮಾಡುತ್ತವೆ ನೋಡೋಣ. ನಾನು ಲಿಸ್ಬನ್ ಹೊರವಲಯದಲ್ಲಿ ವಾಸವಾಗಿದ್ದೇನೆ. ಇಲ್ಲಿಗೆ ಬರುವ ಭಾರತೀಯರಿಗೆ ಮೊದಲು ಪರಿಚಯವಾಗುವ ಸರ್ಕಾರಿ ಬಾಗಿಲು ಹೆಚ್ಚಾಗಿ ಜುಂತಾ ಕಚೇರಿಯದೇ. ಯಾಕೆಂದರೆ ವಾಸ ದೃಢೀಕರಣ ಪತ್ರ ಕೊಡುವುದು ಅವರೇ. ಅದಕ್ಕೆ ಕಾನೂನು ಇಟ್ಟಿರುವ ದಾರಿ ನನಗೆ ತುಂಬಾ ಹಿಡಿಸಿತು. ಜುಂತಾದ ಸದಸ್ಯರಿಗೆ ನೀವು ಇಲ್ಲಿರುವುದು ಸ್ವತಃ ಗೊತ್ತಿರಬೇಕು. ಇಲ್ಲವಾದರೆ ಅದೇ ಫ್ರೆಗೆಜಿಯಾದ ಮತದಾರರ ಪಟ್ಟಿಯಲ್ಲಿರುವ ಇಬ್ಬರು ‘ಇವರು ಇಲ್ಲೇ ಇದ್ದಾರೆ’ ಎಂದು ಸಾಕ್ಷಿ ಹೇಳಬೇಕು. ನನಗೆ ಸಹಿ ಹಾಕಿದವರು ಕೆಳಗಿನ ಮನೆಯ ಅಜ್ಜಿ ಮತ್ತು ದಿನಾ ಬೆಳಿಗ್ಗೆ ಕಾಫಿ ಕೊಡುವ ಹೋಟೆಲಿನವರು. ನನ್ನ ಅರೆಬರೆ ಪೋರ್ಚುಗೀಸ್ ಕೇಳಿಸಿಕೊಂಡು, ಅಜ್ಜಿ ತಾವೇ ನನ್ನ ಜೊತೆ ಕಚೇರಿಗೆ ನಡೆದು ಬಂದರು. ಪಿಂಚಣಿದಾರರಿಗೆ ಬೇಕಾಗುವ ಜೀವಂತ ಪ್ರಮಾಣ ಪತ್ರವೂ ಅಲ್ಲೇ ಸಿಗುತ್ತದೆ. ನಾಯಿ ಸಾಕಿದರೆ ಲೈಸೆನ್ಸ್ ಕೂಡ ಅಲ್ಲೇ.

ಇನ್ನು ಊರಿನ ಸ್ಮಶಾನ, ಪಾರ್ಕು, ಹಳೆಯ ಸಾರ್ವಜನಿಕ ಬಟ್ಟೆ ಒಗೆಯುವ ತೊಟ್ಟಿಗಳು, ಸಣ್ಣ ದಾರಿಗಳು, ವಯಸ್ಸಾದವರಿಗೆ ನೆರವು, ಇವೆಲ್ಲ ಇವರ ಕೈಯಲ್ಲಿರುತ್ತವೆ. ಲಿಸ್ಬನ್‌ನಲ್ಲಿ ಬೀದಿ ಗುಡಿಸುವುದೂ ಅವರದೇ. ದೊಡ್ಡ ರಸ್ತೆ, ಕಟ್ಟಡದ ಪರವಾನಗಿ ಇಂಥವು ಮುನಿಸಿಪಾಲಿಟಿಯ ಪಾಲು. ದುಡ್ಡು ಹೆಚ್ಚಾಗಿ ಕೇಂದ್ರ ಸರ್ಕಾರದಿಂದ ಬರುತ್ತದೆ. ಆದಾಯ ತೆರಿಗೆ, ಕಂಪನಿ ತೆರಿಗೆ, ವ್ಯಾಟ್ ಮೂರರ ಲೆಕ್ಕದಲ್ಲಿ 2.5% ಫ್ರೆಗೆಜಿಯಾಗಳ ನಿಧಿಗೆ ಎಂದು ಕಾನೂನಿದೆ. ಜೊತೆಗೆ ಕೃಷಿ ಜಮೀನಿನ ಆಸ್ತಿ ತೆರಿಗೆ ಪೂರ್ತಿ ಅವರಿಗೆ, ಪಟ್ಟಣದ ಆಸ್ತಿ ತೆರಿಗೆಯಲ್ಲಿ 1%.

ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ. ಮತಗಟ್ಟೆಯಲ್ಲಿ ಮೂರು ಮತಪತ್ರ ಕೊಡುತ್ತಾರೆ, ಬಿಳಿಯದ್ದು ಫ್ರೆಗೆಜಿಯಾದ್ದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಅಲ್ವಾ? ಇಲ್ಲಿ ಪಕ್ಷಗಳು ನೇರವಾಗಿ ನಿಲ್ಲುತ್ತವೆ. ಊರವರೇ ಗುಂಪು ಕಟ್ಟಿಕೊಂಡು ನಿಲ್ಲುವುದಕ್ಕೂ ಅವಕಾಶ ಇದೆ, ಸಂಸತ್ತಿನ ಚುನಾವಣೆಯಲ್ಲಿ ಅದು ಇಲ್ಲ. ಮತ ಹಾಕುವುದು ಅಭ್ಯರ್ಥಿಗಳ ಪಟ್ಟಿಗೆ, ಹೆಚ್ಚು ಮತ ಪಡೆದ ಪಟ್ಟಿಯ ಮೊದಲ ಹೆಸರಿನವರೇ ಜುಂತಾ ಅಧ್ಯಕ್ಷರು. ಅವರಿಗೆ ಮುನಿಸಿಪಾಲಿಟಿಯ ಸಭೆಯಲ್ಲೂ ತಾನಾಗಿಯೇ ಒಂದು ಕುರ್ಚಿ, ಒಂದು ಮತ. ಮತದಾರರು 150 ಅಥವಾ ಅದಕ್ಕಿಂತ ಕಡಿಮೆ ಇರುವ ಕಡೆ ಚುನಾಯಿತ ಸಭೆಯೇ ಇಲ್ಲ. ಊರಿನ ಮತದಾರರೆಲ್ಲ ಒಟ್ಟಿಗೆ ಕೂತು ತೀರ್ಮಾನ ಮಾಡುತ್ತಾರೆ. ನಮ್ಮ ಗ್ರಾಮಸಭೆಗೆ ಇದು ಹತ್ತಿರ. ಆದರೆ ಇಲ್ಲಿ ಆ ಸಭೆಯೇ ಜುಂತಾವನ್ನೂ ಆರಿಸುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ‘ಇಷ್ಟೊಂದು ಯಾಕೆ’ ಎಂದು ನಿಮ್ಮ ಹಾಗೆಯೇ ಕೇಳಿದವರು ಇದ್ದರು. 2011ರಲ್ಲಿ ಪೋರ್ಚುಗಲ್ ಸಾಲದಲ್ಲಿ ಮುಳುಗಿತ್ತು. ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಮತ್ತು ಐಎಂಎಫ್ ಸೇರಿ 7,800 ಕೋಟಿ ಯೂರೋ ನೆರವಿನ ಒಪ್ಪಂದ ಮಾಡಿಕೊಂಡವು. ಮುನಿಸಿಪಾಲಿಟಿ ಮತ್ತು ಫ್ರೆಗೆಜಿಯಾಗಳ ಸಂಖ್ಯೆ ತಗ್ಗಿಸಬೇಕು ಅನ್ನುವುದು ಅದರ ಷರತ್ತುಗಳಲ್ಲಿ ಒಂದು. ಸರ್ಕಾರ 308 ಮುನಿಸಿಪಾಲಿಟಿಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಕತ್ತರಿ ಬಿದ್ದದ್ದು ಕೆಳಗಿನವರ ಮೇಲೆ. 2012ರ ಮಾರ್ಚ್‌ನಲ್ಲಿ ಊರೂರಿನಿಂದ ಜನ ಲಿಸ್ಬನ್‌ಗೆ ಬಂದು ದೊಡ್ಡ ಮೆರವಣಿಗೆ ಮಾಡಿದರು. ಆದರೂ 2013ರಲ್ಲಿ ಸುಮಾರು 4,260 ಇದ್ದ ಫ್ರೆಗೆಜಿಯಾಗಳು 3,092ಕ್ಕೆ ಇಳಿದವು. ಉತ್ತರದ ಬಾರ್ಸೆಲುಸ್ ಮುನಿಸಿಪಾಲಿಟಿಯಲ್ಲಿ 89 ಇದ್ದದ್ದು 61 ಆಯಿತು. ಪೋರ್ಟೊ ನಗರದಲ್ಲಿ ಆರು ಹಳೆಯ ಫ್ರೆಗೆಜಿಯಾಗಳನ್ನು ಸೇರಿಸಿ ಒಂದು ಮಾಡಿದರು. ಹೊಸದರ ಹೆಸರಿನಲ್ಲಿ ಆ ಆರೂ ಹೆಸರು ಸಾಲಾಗಿ ನಿಂತಿವೆ.

ಉಳಿತಾಯ ಆಗುವಷ್ಟು ಖರ್ಚು ಅಲ್ಲಿ ಮೊದಲೇ ಇರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆಗ ಸಣ್ಣ ಫ್ರೆಗೆಜಿಯಾಗಳ ಅಧ್ಯಕ್ಷರಿಗೆ ಪೂರ್ತಿ ಸಂಬಳ ಇರಲಿಲ್ಲ, ತಿಂಗಳಿಗೊಂದು ಸಣ್ಣ ಭತ್ಯೆ ಅಷ್ಟೆ. ಅವರು ತಮ್ಮ ದಿನದ ಕೆಲಸ ಮುಗಿಸಿ ಬಂದು ಊರಿನ ಕೆಲಸ ನೋಡುತ್ತಿದ್ದರು. ಯುವಕರು ಹೊರಟುಹೋದ ಹಳ್ಳಿಯಲ್ಲಿ ಶಾಲೆ ಮುಚ್ಚಿತು, ಅಂಚೆ ಕಚೇರಿ ಮುಚ್ಚಿತು ಅಂದುಕೊಳ್ಳಿ. ಕೊನೆಗೆ ಉಳಿದಿರುವುದು ಜುಂತಾದ ಬಾಗಿಲೊಂದೇ. ಅದನ್ನೂ ಪಕ್ಕದ ಊರಿಗೆ ಸಾಗಿಸಿದರೆ, ಕಾರು ಓಡಿಸಲಾರದ ಮುದುಕರು ಒಂದು ಕಾಗದಕ್ಕೆ ಯಾರ ಹತ್ತಿರ ಹೋಗಬೇಕು? ದೂರದಲ್ಲಿ ಕೂತು ನಕ್ಷೆ ನೋಡುವವರಿಗೆ ಎರಡು ಊರು ಒಂದೇ ಅನ್ನಿಸಬಹುದು. ಅಲ್ಲಿರುವವರಿಗೆ ಹಾಗೆ ಅನ್ನಿಸಲೇ ಇಲ್ಲ.

ಜನ ಇದನ್ನು ಮರೆಯಲೂ ಇಲ್ಲ. 2021ರಲ್ಲಿ ಬಂದ ಕಾನೂನು, ಬಲವಂತವಾಗಿ ಸೇರಿಸಿದವರಿಗೆ ಮತ್ತೆ ಬೇರೆಯಾಗಲು ದಾರಿ ಮಾಡಿತು. 2025ರ ಜನವರಿಯಲ್ಲಿ ಸಂಸತ್ತು ಹಾಗೆ ಬೇರೆ ಮಾಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಗಿನ ರಾಷ್ಟ್ರಾಧ್ಯಕ್ಷ ಮಾರ್ಸೆಲು ರೆಬೆಲು ದೆ ಸೋಜಾ ಸಹಿ ಹಾಕದೆ ವಾಪಸ್ ಕಳಿಸಿದರು. ಮಾರ್ಚ್‌ನಲ್ಲಿ ಸಂಸತ್ತು ಅದನ್ನೇ ಎರಡನೇ ಸಲ ಪಾಸು ಮಾಡಿತು. 135 ಜೋಡಣೆಗಳು ಬಿಡಿಸಿಕೊಂಡು 302 ಫ್ರೆಗೆಜಿಯಾಗಳು ಮರಳಿ ಬಂದವು. 2025ರ ಅಕ್ಟೋಬರ್ 12ರ ಚುನಾವಣೆಯಲ್ಲಿ ಅವು ತಮ್ಮದೇ ಸಭೆಯನ್ನು ಆರಿಸಿಕೊಂಡವು. ಹನ್ನೆರಡು ವರ್ಷ ಬಿಡದೆ ಇಷ್ಟು ಚಿಕ್ಕ ಕಚೇರಿಗಾಗಿ ಜನ ಹೋರಾಡಿದ್ದಾರೆ ಅಂದರೆ, ಅದು ಅವರಿಗೆ ಬೇಕು ಅಂತಲೇ ಅರ್ಥ.

ನೀವು ಇಲ್ಲಿಗೆ ಬರುವ ಯೋಚನೆಯಲ್ಲಿದ್ದರೆ ಇನ್ನೊಂದು ವಿಷಯ. ಯುರೋಪಿಯನ್ ಒಕ್ಕೂಟ, ಬ್ರೆಜಿಲ್, ಕೇಪ್ ವರ್ಡೆ ಮತ್ತು ಇನ್ನು ಕೆಲವು ದೇಶದವರು ಇಲ್ಲಿ ವಾಸವಿದ್ದರೆ ಈ ಚುನಾವಣೆಯಲ್ಲಿ ಮತ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ಹಕ್ಕು ಇಲ್ಲ. ಆದರೆ ಫ್ರೆಗೆಜಿಯಾ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ವರ್ಷಕ್ಕೆ ನಾಲ್ಕು ಸಾಮಾನ್ಯ ಸಭೆ ಇರುತ್ತವೆ: ಏಪ್ರಿಲ್, ಜೂನ್, ಸೆಪ್ಟೆಂಬರ್, ಮತ್ತೆ ನವೆಂಬರ್ ಅಥವಾ ಡಿಸೆಂಬರ್. ಸಾರ್ವಜನಿಕರು ಮಾತಾಡುವುದಕ್ಕೆ ಅಂತಲೇ ಸಮಯ ಬಿಟ್ಟಿರುತ್ತಾರೆ. ನಿಮ್ಮ ಬೀದಿಯ ಫುಟ್‌ಪಾತ್ ಕಿತ್ತುಹೋಗಿದ್ದರೆ ಅಲ್ಲಿ ಎದ್ದು ನಿಂತು ಹೇಳಿ.