ಆ ಗೇಟು ಯಾಕೆ ಮುಚ್ಚಿದೆ ಅಂದ್ರೆ

ದಾವಣಗೆರೆಯ ಓದುಗರೊಬ್ರು ಸಿಟ್ಟಲ್ಲೇ ಪತ್ರ ಬರ್ದಿದಾರೆ. ಗ್ರೂಪ್ ಟೂರಲ್ಲಿ ಕೀನ್ಯಾದ ಮಸಾಯಿ ಮಾರ ಪ್ರಾಣಿಧಾಮ ನೋಡ್ಕೊಂಡು ತಾಂಜಾನಿಯಾದ ಸೆರೆಂಗೆಟಿ ಪಾರ್ಕಿಗೆ ಹೊರಟ್ರಂತೆ, ಮ್ಯಾಪಲ್ಲಿ ಎರಡೂ ಅಂಟ್ಕೊಂಡೇ ಇದಾವೆ, ಆದ್ರೆ ಇಡೀ ದಿನ ಸುತ್ತಾಡ್ಸಿ, ಬಾರ್ಡರಲ್ಲಿ ಲಗೇಜ್ ಸಮೇತ ಇಳ್ಸಿ ಬೇರೆ ಗಾಡಿ ಹತ್ತಿಸಿದ್ರಂತೆ. ಇದು ಟೂರ್‌ನವ್ರ ಮೋಸ ಅಲ್ವಾ, ನೀವೇ ‘ಮಾರ ದಾಟಿದ್ರೆ ಸೆರೆಂಗೆಟಿ’ ಅಂತ ಬರ್ದಿದ್ರಲ್ಲ ಅಂತ ಪ್ರಶ್ನೆ.

ಸಾರ್, ಆ ವಾಕ್ಯ ಪಾಸ್ ಮಾಡಿದ್ದು ನಾನೇ, ತಪ್ಪು ನಂದು. ಹಾಗೆ ನೇರವಾಗಿ ದಾಟೋದು ವೈಲ್ಡ್‌ಬೀಸ್ಟ್ ಅನ್ನೋ ಹುಲ್ಲೆ ಜಾತಿ ಪ್ರಾಣಿಗಳು, ನಾವಲ್ಲ. (ಪ್ರಾಣಿಗಳಿಗೆ ವೀಸಾ ಬೇಡ ಅನ್ನೋ ಜೋಕು ನಾವೇ ನಾಕು ಸಲ ಪ್ರಿಂಟ್ ಮಾಡಿದೀವಿ, ಬಿಟ್ಬಿಡೋಣ.)

ಆದ್ರೆ ಟೂರ್‌ನವ್ರದ್ದು ಮೋಸ ಅಲ್ಲ. ಮಾರ ಕಡೆ ಸ್ಯಾಂಡ್ ರಿವರ್, ಸೆರೆಂಗೆಟಿ ಕಡೆ ಬೊಲೊಗೊಂಜ ಅಂತ ಗೇಟ್‌ಗಳಿವೆ, ಒಂದು ಕಾಲದಲ್ಲಿ ಟೂರಿಸ್ಟ್ ಗಾಡಿಗಳು ಅಲ್ಲೇ ಓಡಾಡ್ತಿದ್ವು. ಆಗ ಏನಾಗ್ತಿತ್ತು ಅಂದ್ರೆ ಜನ ವಿಮಾನದಲ್ಲಿ ಬಂದಿಳಿಯೋದು ನೈರೋಬಿಲಿ, ಗಾಡಿ ನೈರೋಬಿದು, ಡ್ರೈವರ್ ನೈರೋಬಿಯವ್ನು, ಸಿಂಹ ನೋಡೋದು ಮಾತ್ರ ತಾಂಜಾನಿಯಾದಲ್ಲಿ, ದುಡ್ಡೆಲ್ಲ ವಾಪಸ್ ಕೀನ್ಯಾಗೆ, ತಾಂಜಾನಿಯಾದವ್ರಿಗೆ ಹೊಟ್ಟೆ ಉರೀದೆ ಇರುತ್ತಾ? ಜೊತೆಗೆ ಎರಡೂ ದೇಶ ಉಗಾಂಡಾ ಸೇರ್ಕೊಂಡು ನಡೆಸ್ತಿದ್ದ ಈಸ್ಟ್ ಆಫ್ರಿಕನ್ ಏರ್‌ವೇಸ್ ಮುಳುಗ್ತು, ಮೂರೂ ದೇಶದ ಒಕ್ಕೂಟ ಈಸ್ಟ್ ಆಫ್ರಿಕನ್ ಕಮ್ಯುನಿಟೀನೇ ಒಡೀತು, 1977ರ ಫೆಬ್ರವರಿಲಿ ತಾಂಜಾನಿಯಾ ಅಧ್ಯಕ್ಷ ನ್ಯೆರೆರೆ ಅವ್ರ ಸರ್ಕಾರ ಕೀನ್ಯಾ ಬಾರ್ಡರ್ ಪೂರ್ತಿ ಮುಚ್ಚಿಬಿಡ್ತು. 1983ರಲ್ಲಿ ಬಾರ್ಡರ್ ತೆರೀತು, ಬೊಲೊಗೊಂಜ ಟೂರಿಸ್ಟ್‌ಗಳಿಗೆ ತೆರೀಲಿಲ್ಲ. ಅದಕ್ಕೇ ನಿಮ್ಮನ್ನ ಪಶ್ಚಿಮಕ್ಕೆ ಸುತ್ತಿಸಿ ಇಸೆಬಾನಿಯಾ–ಸಿರಾರಿ ಬಾರ್ಡರ್ ಪೋಸ್ಟ್ ಹತ್ರ ದಾಟ್ಸಿದ್ದು. ಗಾಡಿ ಬದಲಾಯಿಸಿದ್ದೂ ಅದೇ ಹಳೇ ಜಗಳದ ಬಾಲ: ಕೀನ್ಯಾ ನಂಬರಿನ ಟೂರಿಸ್ಟ್ ವ್ಯಾನು ತಾಂಜಾನಿಯಾ ಪಾರ್ಕೊಳಗೆ ಪ್ರವಾಸಿಗಳ್ನ ಕರ್ಕೊಂಡ್ಹೋಗೋ ಹಾಗಿಲ್ಲ. ನನ್ನ ಪ್ರಕಾರ ತಾಂಜಾನಿಯಾದವ್ರ ಲೆಕ್ಕ ತಪ್ಪೇನಲ್ಲ, ನಮ್ ಸೊಂಟಕ್ಕೆ ಕಷ್ಟ ಅಷ್ಟೇ. ಆದ್ರೆ ಇದನ್ನ ಬುಕಿಂಗ್ ಟೈಮಲ್ಲೇ ಹೇಳ್ಬೇಕಿತ್ತು, ಆ ಮಟ್ಟಿಗೆ ನಿಮ್ ಸಿಟ್ಟು ನ್ಯಾಯವಾದದ್ದೇ.

ನಾನು ದಾಟಿದ್ದು ನಮಂಗಾ ಬಾರ್ಡರಲ್ಲಿ, ನೈರೋಬಿ–ಅರುಷಾ ರಸ್ತೆ. ಅಲ್ಲೀಗ ಒಂದೇ ಬಿಲ್ಡಿಂಗಲ್ಲಿ ಎರಡೂ ದೇಶದ ಕೌಂಟರ್, ಇಲ್ಲಿ ಎಕ್ಸಿಟ್ ಸ್ಟಾಂಪು, ಪಕ್ಕದಲ್ಲೇ ಎಂಟ್ರಿ ಸ್ಟಾಂಪು. ನಮ್ ಗ್ರೂಪಲ್ಲಿ ಒಬ್ರು ಯೆಲ್ಲೋ ಫೀವರ್ ಲಸಿಕೆ ಕಾರ್ಡನ್ನ ಸೂಟ್‌ಕೇಸಲ್ಲಿಟ್ಟು, ಸೂಟ್‌ಕೇಸ್ ವ್ಯಾನಿನ ಟಾಪ್ ಮೇಲಿತ್ತು, ಬಿಸಿಲಲ್ಲಿ ಹಗ್ಗ ಬಿಚ್ಚಿದ್ದೇ ಬಿಚ್ಚಿದ್ದು. ಕೀನ್ಯಾದಿಂದ ಬಂದೋರನ್ನ ಅದು ಕೇಳ್ತಾರೆ, ಪಾಸ್‌ಪೋರ್ಟ್ ಒಳಗೇ ಇಟ್ಕೊಳಿ. ಲಸಿಕೆ ಹಾಕ್ಸಿ 10 ದಿನ ಆದ್ಮೇಲೇ ಆ ಕಾರ್ಡಿಗೆ ಬೆಲೆ, ಆಮೇಲೆ ಜೀವನಪೂರ್ತಿ.

ನಿಮ್ ಜೊತೆಗಿದ್ದೋರು 100 ಡಾಲರ್ ಕೊಟ್ಟು ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ ಮಾಡಿಸಿದ್ರೂ ತಾಂಜಾನಿಯಾ ಮತ್ತೆ ದುಡ್ಡು ಕಿತ್ಕೊಂತು ಅಂತೀರಿ. ಹೆಸರು ನೋಡಿ ಮೋಸ ಹೋದ್ರು ಪಾಪ, ಆ ವೀಸಾ ನಡೆಯೋದು ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೇ.

ಇನ್ನು ಚಕ್ಲಿ ತುಂಬ್ಕೊಂಡಿದ್ದ ಕ್ಯಾರಿಬ್ಯಾಗ್ ಕಿತ್ಕೊಂಡ್ರು ಅನ್ನೋ ದೂರು. 2019ರ ಜೂನಿಂದ ತಾಂಜಾನಿಯಾಗೆ ಪ್ಲಾಸ್ಟಿಕ್ ಕೈಚೀಲ ತರಂಗಿಲ್ಲ ಸಾರ್, ಕೀನ್ಯಾದಲ್ಲಿ 2017ರಿಂದಾನೇ ಇಲ್ಲ. ಚಕ್ಲಿ ವಾಪಸ್ ಕೊಟ್ರು ತಾನೇ?