ಒಳಗಿನಿಂದ ಪೂರ್ತಿಯಾಗೋದು ಅಂದರೇನು?

ಮನಸ್ಸಿನಲ್ಲಿ ಪೂರ್ಣತೆ, ಸಮತೋಲ ಬೇಕೆಂದರೆ ದೋಷಗಳನ್ನೆಲ್ಲ ಕಿತ್ತುಹಾಕಬೇಕಾ ಎಂದು ಕೇಳಿದ್ದೀರಿ. ಬೇಡ. ಮೊದಲು ಅವು ನಮ್ಮವೇ ಎಂದು ಒಪ್ಪಿಕೊಳ್ಳಬೇಕು.

ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ (1875–1961) ನಾವು ಒಪ್ಪದೆ ಮರೆಗೆ ತಳ್ಳಿದ ಗುಣಗಳನ್ನು 'ನೆರಳು' ಎಂದು ಕರೆದರು. ಅದನ್ನು ಗುರುತಿಸಿ ಜೊತೆಗೆ ಸೇರಿಸಿಕೊಳ್ಳುವುದು ಅವರ ಪ್ರಕಾರ ಜೀವಮಾನದ ಕೆಲಸ.

ಸಿಟ್ಟನ್ನೇ ತೆಗೆದುಕೊಳ್ಳಿ. ಒಬ್ಬರು ಎಲ್ಲದಕ್ಕೂ ನಗುತ್ತಾ "ಪರವಾಗಿಲ್ಲ" ಅನ್ನುತ್ತಾರೆ. ಹಾಗನ್ನುವಾಗ ಹಲ್ಲು ಬಿಗಿದಿರುತ್ತದೆ, ಭುಜ ಮೇಲೆದ್ದಿರುತ್ತದೆ. ರಾತ್ರಿ ಮನೆಯಲ್ಲಿ ಮಗು ನೀರು ಚೆಲ್ಲಿದರೆ ಸಾಕು, ರೇಗಿಬಿಡುತ್ತಾರೆ. ಪಾಪ, ಮಗುವಿನ ತಪ್ಪೇನಿತ್ತು? ಆ ಸಿಟ್ಟು ಹಗಲಲ್ಲೇ ಏನೋ ಹೇಳಲು ಬಂದಿತ್ತು, ಕೇಳುವವರಿರಲಿಲ್ಲ. ಅದನ್ನು ಕೇಳಿಸಿಕೊಂಡವರು ಮುಂದಿನ ಸಲ ಮೆತ್ತಗೆ "ಇವತ್ತು ನನ್ನಿಂದ ಆಗಲ್ಲ" ಅನ್ನಬಲ್ಲರು. ನನ್ನ ಮಟ್ಟಿಗೆ ಬೆಳವಣಿಗೆ ಅಂದರೆ ಇದೇ.

ಸಮತೋಲ ಅಂದರೆ ಅಲುಗಾಡದೆ ನಿಲ್ಲೋದಲ್ಲ. ಸೈಕಲ್ ತುಳಿಯುವಾಗ ಹ್ಯಾಂಡಲ್ ಸದಾ ಅತ್ತಿತ್ತ ಆಡುತ್ತಲೇ ಇರುತ್ತೆ ಅಲ್ವಾ? ಹಾಗೆಯೇ ಇದೂ.

ಶುರು ಮಾಡಲು, ಮಲಗುವ ಮುನ್ನ ಐದು ನಿಮಿಷ ಸುಮ್ನೆ ಕೂತು ಇವತ್ತು ಯಾವ ಭಾವನೆಯನ್ನು ನುಂಗಿಕೊಂಡೆ ಎಂದು ಒಂದು ಸಾಲು ಬರೆಯಿರಿ. ಹಳೆಯ ನೋವು ಜಾಸ್ತಿ ಕಾಡಿದರೆ ಒಬ್ಬರೇ ಹೊರಬೇಡಿ, ಆಪ್ತಸಲಹೆಗಾರರ ಹತ್ತಿರ ಮಾತಾಡಿ.