ಎಡನೀರಿಗೆ ದಿಲ್ಲಿ ಹತ್ತಿರ, ವಿಲೇಜ್ ಆಫೀಸು ದೂರ

ಕೇರಳದ ವಿಧಾನಸಭೆ ಮಾಡಿದ ಕಾನೂನನ್ನು ಕಾಸರಗೋಡಿನ ಕನ್ನಡಿಗರು ಓದಿ ತಿಳಿದುಕೊಳ್ಳುವುದುಂಟೇ ಎಂದು ಬೆಂಗಳೂರಿನಲ್ಲಿ ಕುಳಿತು ನೀನು ಕೇಳಿದ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಕನಿಕರವೇ ಹೆಚ್ಚಿತ್ತು. 1956ರ ನವೆಂಬರ್ 1ರಂದು ನಮ್ಮನ್ನು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬಿಡಿಸಿ ಕೇರಳಕ್ಕೆ ಸೇರಿಸಿದ ಮೇಲೆ ಭೂಮಿ, ಶಾಲೆ, ತೆರಿಗೆ ಎಲ್ಲದಕ್ಕೂ ತಿರುವನಂತಪುರವೇ ಗತಿ. ಮಸೂದೆ ಮಂಡನೆಯಾಗಿ, ರಾಜ್ಯಪಾಲರ ಅಂಕಿತ ಬಿದ್ದು, ಗೆಜೆಟಿನಲ್ಲಿ ಪ್ರಕಟವಾಗುವ ಕ್ರಮ ನಿಮ್ಮಲ್ಲಿರುವಂತೆಯೇ ಇಲ್ಲಿಯೂ ಇದೆ. 2021ರಲ್ಲಿ ಮಂಜೇಶ್ವರದ ಶಾಸಕರು ಆ ಸದನದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. ರಾಜ್ಯ ಬದಲಾಯಿತೆಂದು ಹಳೆಯ ಕಾನೂನೆಲ್ಲ ಬಿದ್ದುಹೋಗಲೂ ಇಲ್ಲ. ಮದ್ರಾಸಿನ 1951ರ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ, ಕೇರಳದ ತಿದ್ದುಪಡಿಗಳನ್ನು ಹೊತ್ತುಕೊಂಡು, ನಮ್ಮ ದೇವಸ್ಥಾನಗಳ ಮೇಲೆ ಇಂದಿಗೂ ನಡೆಯುತ್ತಿದೆ.

ಕಾನೂನನ್ನು ಕೋರ್ಟಿನಲ್ಲಿ ಒರೆಗೆ ಹಚ್ಚುವ ವಿಷಯದಲ್ಲಂತೂ ನಮಗೆ ಪಾಠ ಹೇಳಬೇಡ ಮಾರಾಯ. ಕೇರಳದ ಕೃಷಿ ಸಂಬಂಧ ಕಾಯ್ದೆಯನ್ನು 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ, ಅಂದರೆ ರೈತನೇ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ, ಜಮೀನಿನ ಮಟ್ಟಿಗೆ ಅಸಿಂಧುಗೊಳಿಸಿತು. ಮದ್ರಾಸಿನ ಕಾಲದಿಂದ ಬಂದ ಆ ಪಟ್ಟಾ ಜಮೀನು ಭೂಸುಧಾರಣೆಯ ಕಾನೂನುಗಳಿಗೆ ರಕ್ಷಣೆ ಕೊಡುವ ಸಂವಿಧಾನದ 31ಎ ವಿಧಿಯಲ್ಲಿರುವ ‘ಎಸ್ಟೇಟ್’ ಎಂಬ ಪದದೊಳಗೆ ಬರುವುದಿಲ್ಲವೆಂಬುದು ಕಾರಣ. ಆ ಪದದ ವ್ಯಾಪ್ತಿಯನ್ನು ಹಿಗ್ಗಿಸಲು 1964ರಲ್ಲಿ ಸಂವಿಧಾನಕ್ಕೇ 17ನೇ ತಿದ್ದುಪಡಿ ತರಬೇಕಾಯಿತು, ಅದಕ್ಕೆ ನಮ್ಮೆರಡು ತಾಲೂಕುಗಳ ಮೊಕದ್ದಮೆಯೂ ಒಂದು ನಿಮಿತ್ತ. 1970ರಲ್ಲಿ ಕಾಸರಗೋಡಿನ ಬಳಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂವಿಧಾನವನ್ನು ತಿದ್ದಬಹುದೇ ಹೊರತು ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲವೆಂದು ತೀರ್ಪಿತ್ತರು. ಮಠ ಬಯಸಿದ ಪರಿಹಾರ ಸಿಗಲಿಲ್ಲವೆಂಬುದು ಬೇರೆ ಮಾತು. ನಿಮ್ಮ ಕಾನೂನು ಕಾಲೇಜುಗಳಲ್ಲಿ ಉರು ಹೊಡೆಸುವ ಆ ಹೆಸರು, ಯಕ್ಷಗಾನದ ಪದ ಹಾಡುತ್ತಿದ್ದ ನಮ್ಮೂರ ಸ್ವಾಮಿಗಳದ್ದು.

ನಮ್ಮ ದಿನನಿತ್ಯದ ಗೋಳು ಸುಪ್ರೀಂ ಕೋರ್ಟಿನವರೆಗೆ ಹೋಗುವಂಥದ್ದೇ ಅಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ನಾವು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಕಾಯ್ದೆಯಲ್ಲಿ ಇಷ್ಟು ಸ್ಪಷ್ಟವಾಗಿರುವುದು ವಿಲೇಜ್ ಆಫೀಸಿನ, ಅಂದರೆ ಊರಿನ ಕಂದಾಯ ಕಚೇರಿಯ, ಮೇಜಿಗೆ ಬರುವ ಹೊತ್ತಿಗೆ ಹೇಗೋ ಕರಗಿಹೋಗಿರುತ್ತದೆ. ಕಳೆದ ವರ್ಷ ತೋಟದ ಗಡಿಯ ವಿಚಾರವಾಗಿ ನನಗೊಂದು ಮಲಯಾಳದ ನೋಟೀಸು ಬಂತು, ಆಕ್ಷೇಪಣೆಗೆ 15 ದಿನಗಳ ಗಡುವು. ಕನ್ನಡದ ಪ್ರತಿ ಕೊಡಿರೆಂದು ಕನ್ನಡದಲ್ಲಿ ಅರ್ಜಿ ಬರೆದೆ. 16ನೆಯ ದಿನ ಮಲಯಾಳದಲ್ಲಿ ಉತ್ತರ ಬಂತು. ನೆರೆಮನೆಯ ಹುಡುಗನಿಂದ ಓದಿಸಿದರೆ, ಅರ್ಜಿ ಪರಿಶೀಲನೆಯಲ್ಲಿದೆ ಎಂದಿತ್ತು. ಮೀನು ಮಾರುಕಟ್ಟೆಯಲ್ಲಿ ಚೌಕಾಶಿ ಮಾಡುವಷ್ಟು ಮಲಯಾಳ ನನಗೆ ಸಲೀಸಾಗಿ ಬರುತ್ತದೆ, ಆದರೆ ಕಚೇರಿಯ ಮಲಯಾಳ ಎದುರುಮನೆಯ ಮಲಯಾಳಿ ಮೇಷ್ಟ್ರಿಗೇ ಅರ್ಧ ತಿಳಿಯುವುದಿಲ್ಲ.

ಹಾಗಾದರೆ ಹೈಕೋರ್ಟಿನಲ್ಲಿ ರಿಟ್ ಹಾಕು ಎನ್ನುವೆ. ಎರ್ನಾಕುಳದಲ್ಲಿ, ಸಂವಿಧಾನದ 348ನೇ ವಿಧಿಯ ಕೃಪೆಯಿಂದ, ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುವುದರಿಂದ ಮೇಷ್ಟ್ರೂ ನಾನೂ ಅಲ್ಲಿ ಸರಿಸಮಾನರು. ಆದರೆ ಎರಡು ಸೆಂಟ್ಸ್ ಜಾಗದ ಗಡಿಗೆ ಯಾರು ವಕೀಲರ ಫೀಸು ಕೊಟ್ಟಾರು? ಕರ್ನಾಟಕಕ್ಕೇ ಬಂದುಬಿಡು ಎಂಬ ನಿನ್ನ ಇನ್ನೊಂದು ಸಲಹೆಗೆ, ನಾವು ಎಲ್ಲಿಂದಲೂ ಬಂದವರಲ್ಲ, ಗೆರೆಯೇ ನಮ್ಮ ಮೇಲೆ ಹಾದುಹೋದದ್ದು ಎಂದಷ್ಟೇ ಹೇಳಬಲ್ಲೆ.

ನಿನ್ನೆ ಮತ್ತೊಂದು ಅರ್ಜಿ ಬರೆದೆ. ಈ ಸಲ ತಲೆಬರಹದಲ್ಲಿ 1969ರ ಕಾಯ್ದೆಯ ಹೆಸರನ್ನು ಆ ಹುಡುಗನಿಂದ ಮಲಯಾಳ ಲಿಪಿಯಲ್ಲಿ ಬರೆಸಿದ್ದೇನೆ, ಕೆಳಗಿನದೆಲ್ಲ ಕನ್ನಡ.